ಸಾವಿತ್ರೆವ್ವನ ಬಾವಿಯಲ್ಲಿ ಐದು ಗಂಟು

ನಮ್ಮ ಠಾಣೆ ಯಾವ ಊರಿನದು ಎಂದು ನಾನು ಹೇಳುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ನಡುವೆ ಎಲ್ಲಿಯೋ ಒಂದು ಕಡೆ ಅಗ್ನಿಶಾಮಕ ದಳದ ಕೆಂಪು ಗಾಡಿ ನಿಂತಿರುತ್ತದೆ, ಅದರ ಡ್ರೈವರು ನಾನು, ನಿಜಗುಣಪ್ಪ. ಇಷ್ಟು ಸಾಕು. ಊರು ಬೇಡ, ಬರೆದವರ ಹೆಸರು ಬೇಡ, ಆದದ್ದೇನು ಅದನ್ನಷ್ಟೇ ಬರೆಯಿರಿ ಎಂದು ನಮ್ಮ ಮೀನಾ ಮೇಡಂ ಹಾಕಿಕೊಟ್ಟ ರೂಢಿ ಇದು. ನನ್ನ ಹೆಸರನ್ನು ಮಾತ್ರ ನಾನೇ ಬೇಕೆಂದು ಬರೆದಿದ್ದೇನೆ, ಅದಕ್ಕೊಂದು ಕಾರಣವಿದೆ.

ಮೇಡಂ ನಮ್ಮ ಠಾಣಾಧಿಕಾರಿಯಾಗಿ ಬಂದದ್ದು ಸಂಕ್ರಮಣದ ಮರುವಾರ. ವಯಸ್ಸು ಮೂವತ್ತೊಂದೋ ಮೂವತ್ತೆರಡೋ. ನನ್ನ ಸರ್ವೀಸೇ ಇಪ್ಪತ್ತೇಳು ವರ್ಷ! ಬಂದ ದಿನವೇ ಅವರು ಫೋನಿನ ಮೇಜಿನ ಪಕ್ಕದ ಮೊಳೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ದಾರ ಕಟ್ಟಿ ತೂಗುಹಾಕಿದರು. ದಾರದ ಇನ್ನೊಂದು ತುದಿಗೆ ಪೆನ್ನು. ರಟ್ಟಿನ ಮೇಲೆ ‘ಸ್ವಲ್ಪದರಲ್ಲಿ ತಪ್ಪಿತು’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

“ಯಾರಿಗರೆ ಪೆಟ್ಟಾದ್ರ, ಯಾರರೆ ಸತ್ರ ವರದಿ ಬರೀತೀವಿ,” ಎಂದರು ಬೆಳಗಿನ ಹಾಜರಿಯಲ್ಲಿ. “ಪೆಟ್ಟಾಗೂದು ಸ್ವಲ್ಪದಾಗ ತಪ್ಪಿದ್ರ ಯಾರೂ ಬರಿಯೂದಿಲ್ಲ. ಇವತ್ತ ತಪ್ಪಿದ್ದು ನಾಳೆನೂ ತಪ್ಪತೈತಿ ಅಂತ ಏನ್ ಗ್ಯಾರಂಟಿ ಐತಿ? ಅದಕ್ಕ ಬರೀರಿ. ಹೆಸರು ಬ್ಯಾಡ. ಬರದಾವ್ರಿಗೆ ಮೆಮೋ ಕೊಡೂದಿಲ್ಲ, ಇದು ನನ್ನ ಮಾತು.”

ನನಗೆ ಮೈ ಉರಿಯಿತು. ಬೆಂಕಿ ಆರಿಸುವವರ ಕೈಗೆ ಪೆನ್ನು ಕೊಟ್ಟರೆ ಬೆಂಕಿ ಆರುತ್ತದೆಯೇ? ನಮ್ಮ ಫೈರ್‌ಮನ್ ಸುಭಾಸ ಮಹಾ ಕಿಲಾಡಿ. ಮೊದಲ ಪುಟದಲ್ಲಿ ಅವನು ಬರೆದದ್ದು ಇದು: “ಮಂಗಳವಾರ ಬದನೆಕಾಯಿ ಪಲ್ಯಕ್ಕೆ ಎರಡು ಸಲ ಉಪ್ಪು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.” ಮೇಡಂ ಓದಿ ಗಟ್ಟಿಯಾಗಿ ನಕ್ಕರು. ಕೆಳಗೆ ಕೆಂಪು ಶಾಯಿಯಲ್ಲಿ “ಹೇಗೆ ತಪ್ಪಿತು? ಅದನ್ನೂ ಬರೆಯಿರಿ” ಎಂದು ಬರೆದರು. ಆಮೇಲೆ ಒಂದು ತಿಂಗಳು ಆ ಪುಸ್ತಕ ಫ್ಯಾನಿನ ಗಾಳಿಗೆ ಸುಮ್ಮನೆ ತಿರುಗುತ್ತ ನೇತಾಡಿತು.

ಬರೆಯದೆ ಇದ್ದದ್ದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ನಮ್ಮ ಕಡೆ ತಪ್ಪಿಹೋದ ಗಂಡಾಂತರದ ಮಾತು ಆಡುವುದಿಲ್ಲ. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎಂದು ದೇವರಿಗೆ ಕೈಮುಗಿದು ಸುಮ್ಮನಾಗುತ್ತೇವೆ. ಆಡಿದರೆ ಅದು ಹೊಳ್ಳಿ ಬರುತ್ತದಂತೆ. ನನ್ನ ತಾಯಿ ಗುರುಬಸವ್ವ ಇದರಲ್ಲಿ ಪಂಡಿತೆ. ನಾನು ಸಣ್ಣವನಿದ್ದಾಗ ಚಕ್ಕಡಿಯ ಕೀಲು ಮುರಿದು, ಕಳಚಿದ ಗಾಲಿ ನನ್ನ ಕಾಲಿನ ಪಕ್ಕದಲ್ಲೇ ಉರುಳಿಹೋಗಿತ್ತು. ಅವ್ವ ಆ ಮುರಿದ ಕೀಲಿನಿಂದಲೇ ನನಗೆ ಮೂರು ಸಲ ಇಳಿ ತೆಗೆದು, ಎಂದರೆ ದೃಷ್ಟಿ ಹೋಗಲೆಂದು ನಿವಾಳಿಸಿ, ಲಿಂಬೆಹಣ್ಣು, ಉಪ್ಪು, ಒಣಮೆಣಸಿನಕಾಯಿ ಕೂಡಿಸಿ ಕೆಂಪು ಅರಿವೆಯಲ್ಲಿ ಗಂಟು ಕಟ್ಟಿ, ಮೂರು ದಾರಿ ಕೂಡುವಲ್ಲಿದ್ದ ಬಾವಿಗೆ ಒಗೆದಳು. ಒಗೆದ ಮೇಲೆ ಹೊಳ್ಳಿ ನೋಡಬಾರದು. ಮನೆಗೆ ಬಂದು ಕಾಲು ತೊಳೆದುಕೊಂಡ ಮೇಲೆ ಆ ಸುದ್ದಿ ಬಾಯಿಗೆ ತರಬಾರದು.

ಈ ವಿದ್ಯೆಯನ್ನು ನಾನು ಠಾಣೆಗೂ ತಂದೆ. ಯಾರಿಗೆ ಗಂಡಾಂತರ ತಪ್ಪಿದರೂ ಅದಕ್ಕೆ ಕಾರಣವಾದ ಸಾಮಾನನ್ನು ನಾನೇ ಇಳಿ ತೆಗೆದು ಒಗೆದು ಬರುತ್ತಿದ್ದೆ. ಸುಟ್ಟ ಕೈಚೀಲ, ಹರಿದ ಹಗ್ಗದ ತುಂಡು, ಏನಿದ್ದರೂ ಸರಿ. ಹುಡುಗರು ನನ್ನನ್ನು ‘ಠಾಣೆಯ ಪೂಜಾರಿ’ ಎಂದು ಚಾಷ್ಟಿ ಮಾಡುತ್ತಿದ್ದರು, ನನಗೆ ಅದರಲ್ಲಿ ಒಳಗೊಳಗೇ ಹೆಮ್ಮೆ. ಪಕ್ಕದ ಠಾಣೆಯ ಡ್ರೈವರು ಅಂದಾನೆಪ್ಪನಿಗೂ ನಾನೇ ಹೇಳಿಕೊಟ್ಟಿದ್ದೆ. ಮೊದಲಿನ ಬಾವಿ ಹೂಳು ತುಂಬಿ ಹೋದದ್ದಕ್ಕೆ ಹೋದ ವರ್ಷ ನಾನು ಹುಡುಕಿಕೊಂಡ ಹೊಸ ಬಾವಿಯನ್ನೂ ತೋರಿಸಿದ್ದೆ. ಚಚಡಿಯ ಆಚೆ ಒಂದು ಹೊಲದ ಮೂಲೆ, ಮೂರು ದಾರಿ ಕೂಡುತ್ತವೆ, ಯಾರೂ ಸೇದದ ಹಳೆಯ ಬಾವಿ.

ಶಿವರಾತ್ರಿಗೆ ಇನ್ನೂ ಹತ್ತು ದಿನವಿತ್ತು. ಮಧ್ಯಾಹ್ನ ಒಂದಕ್ಕೆ ಫೋನು ಬಂತು: ಎಂ.ಕೆ. ಹುಬ್ಬಳ್ಳಿಯ ಹತ್ತಿರ ಎಂಟು ಎಕರೆ ಕಬ್ಬಿಗೆ ಬೆಂಕಿ! ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ಸಾಲು ಹಿಡಿದಿದ್ದವು. ನಾನು ಹಾರ್ನ್ ಒತ್ತಿ ಹಿಡಿದು, ಅರ್ಧ ಗಾಡಿಯನ್ನು ರಸ್ತೆಯ ಮೇಲೆ, ಅರ್ಧ ಗಾಡಿಯನ್ನು ಮಣ್ಣಿನ ಮೇಲೆ ಓಡಿಸಿಕೊಂಡು ಹೋದೆ. ಬೆಂಕಿ ಚಟಪಟ ಎನ್ನುತ್ತ ಕಬ್ಬಿನ ತುದಿಯಿಂದ ತುದಿಗೆ ಜಿಗಿಯುತ್ತಿತ್ತು. ಆ ಸಪ್ಪಳ ಕೇಳಿದರೆ ಈಗಲೂ ನನ್ನ ರಕ್ತ ಬಿಸಿಯಾಗುತ್ತದೆ. ಸುಳ್ಳೇಕೆ, ಈ ಕೆಲಸದಲ್ಲಿ ನನಗೆ ಅದೇ ಹಬ್ಬ.

ಮಾಳಪ್ಪ ಹಾರಿ ಇಳಿದ. ಅವನು ನಮ್ಮ ಠಾಣೆಯ ಬ್ರಾಂಚ್ ಹಿಡಿಯುವ ಆಳು. ಬ್ರಾಂಚ್ ಎಂದರೆ ಪೈಪಿನ ತುದಿಯಲ್ಲಿ ನೀರು ಚಿಮ್ಮಿಸುವ ಕೊಳವೆ. ಏಳು ಕೆ.ಜಿ. ಒತ್ತಡದ ನೀರು ಹಿಂದಕ್ಕೆ ನೂಕುವಾಗ ಅದನ್ನು ಹಿಡಿದು ನಿಲ್ಲಲು ಎತ್ತಿನಂಥ ಹೆಗಲು ಬೇಕು, ಅದಕ್ಕಿಂತ ಹೆಚ್ಚಾಗಿ ತನ್ನ ಕೈಯ ಮೇಲೆ ನಂಬಿಕೆ ಬೇಕು. ಮಾಳಪ್ಪನಿಗೆ ಎರಡೂ ಇದ್ದವು. ನನ್ನ ಗಾಡಿಯ ಪಕ್ಕದಲ್ಲೇ ಅವನು ಎರಡನೆಯ ಪೈಪನ್ನು ಮೊದಲನೆಯದಕ್ಕೆ ಕೂಡಿಸಿದ. ಪೈಪಿಗೆ ಪೈಪು ಕೂಡಿಸುವುದು ಲೋಹದ ಕಪ್ಲಿಂಗು. ಒಂದನ್ನು ಇನ್ನೊಂದರೊಳಗೆ ಒತ್ತಿದರೆ ಒಳಗಿನ ಎರಡು ಸ್ಪ್ರಿಂಗ್ ಕೊಕ್ಕೆಗಳು ಟಕ್ ಎಂದು ಕಚ್ಚಿಕೊಳ್ಳುತ್ತವೆ. ಅವನು ಒತ್ತಿದ, ಕಿವಿಗೊಟ್ಟ, ಒಮ್ಮೆ ಜಗ್ಗಿ ನೋಡಿದ, ಓಡಿದ. “ನೀರ ಬಿಡೋ ಕಾಕಾ!” ಎಂದು ಕೂಗಿದ. ನಾನು ಪಂಪಿನ ಒತ್ತಡ ಏರಿಸಿದೆ.

ಎರಡು ನಿಮಿಷ ಆಗಿರಬೇಕು. ಢಬ್ ಎಂದು ಸಪ್ಪಳ! ಕಪ್ಲಿಂಗು ಕಳಚಿ, ನೀರು ತುಂಬಿದ ಪೈಪು ಬಾಲ ತುಳಿದ ಹಾವಿನ ಹಾಗೆ ಎದ್ದು ನಿಂತಿತು. ಅದರ ತುದಿಯ ಲೋಹ ಗಾಳಿಯಲ್ಲಿ ಗಿರ್ ಎಂದು ತಿರುಗಿ ಸುಭಾಸನ ತಲೆಗೆ ಬಂತು. ನಾನು ನೀರು ಬಂದ್ ಮಾಡುವುದರೊಳಗೆ ಸುಭಾಸನ ಹೆಲ್ಮೆಟ್ಟು ಹಾರಿ ಬದುವಿನಾಚೆ ಬಿದ್ದಿತ್ತು. ಸುಭಾಸ ಎರಡೂ ಕೈಯಿಂದ ತಲೆ ಮುಟ್ಟಿ ನೋಡಿಕೊಂಡ. “ಐತೋ, ಐತೋ!” ಎಂದು ಕೂಗಿದ. ನಾವೆಲ್ಲ ನಕ್ಕುಬಿಟ್ಟೆವು, ಮಾಳಪ್ಪನೊಬ್ಬ ನಗಲಿಲ್ಲ.

ಬೇರೆ ಪೈಪು ಹಾಕಿ ನಾಲ್ಕು ಎಕರೆ ಉಳಿಸಿದೆವು. ಠಾಣೆಗೆ ಬಂದವನೇ ನಾನು ಯಾರೂ ನೋಡುವ ಮೊದಲು ಆ ಕಪ್ಲಿಂಗು ಬಿಚ್ಚಿದೆ. ಒಂದು ಕೊಕ್ಕೆ ಮುರಿದಿತ್ತು. ಮುರಿದ ಚೂರು ಒಳಗೇ ಸಿಕ್ಕಿಕೊಂಡಿತ್ತು. ಗುಜರಿಯಲ್ಲಿದ್ದ ಹಳೆಯ ಕಪ್ಲಿಂಗಿನ ಕೊಕ್ಕೆ ತೆಗೆದು ಇದಕ್ಕೆ ಕೂರಿಸಿದೆ, ಪೈಪು ಮೊದಲಿನಂತಾಯಿತು. ಮುರಿದ ಕೊಕ್ಕೆಯನ್ನು ಕಿಸೆಗೆ ಹಾಕಿಕೊಂಡೆ. ನಿಜ ಹೇಳುತ್ತೇನೆ, ದೀಪಾವಳಿಯ ಮುಂದೆ ಒಂದು ಬಣವೆಯ ಬೆಂಕಿಯಲ್ಲಿಯೂ ಹೀಗೇ ಆಗಿತ್ತು. ಆಗಲೂ ಕೊಕ್ಕೆಯೇ ಮುರಿದದ್ದು, ಆಗಲೂ ನಾನೇ ಗಂಟು ಕಟ್ಟಿ ಒಗೆದದ್ದು. ಎರಡನೆಯ ಸಲ ಅದೇ ಚೂರು ಕೈಗೆ ಬಂದಾಗಲಾದರೂ ತಲೆ ಓಡಬೇಕಿತ್ತು. ನನ್ನ ತಲೆ ಓಡಿದ್ದು ಇಷ್ಟೇ: ದೃಷ್ಟಿ ಬಲವಾಗಿದೆ, ಈ ಸಲ ಎರಡು ಲಿಂಬೆಹಣ್ಣು ಹಾಕೋಣ! ಮರುದಿನ ಬೆಳಿಗ್ಗೆ ಮೋಟರ್‌ಸೈಕಲ್ ಹತ್ತಿ ಹೋಗಿ ಬಾವಿಗೆ ಒಗೆದೆ, ಹೊಳ್ಳಿ ನೋಡದೆ ಬಂದೆ.

ಅಂದಿನಿಂದ ಮಾಳಪ್ಪ ಮಂಕಾದ. ಡ್ರಿಲ್ಲಿನಲ್ಲಿ ಕಪ್ಲಿಂಗು ಒತ್ತುತ್ತಾನೆ, ಜಗ್ಗುತ್ತಾನೆ, ಮತ್ತೆ ಬಿಚ್ಚಿ ಒತ್ತುತ್ತಾನೆ. ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಾನೆ. ಅವನ ಹೆಂಡತಿ ರಾಣಿ ಡಬ್ಬಿ ಕೊಡಲು ಬಂದವಳು ನನ್ನನ್ನು ಪಕ್ಕಕ್ಕೆ ಕರೆದು, “ಕಾಕಾ, ಏನಾಗೇತ್ರಿ ಇವರಿಗೆ? ನಿದ್ದ್ಯಾಗ ಕೈ ಕೈ ಅಂತ ಬಡಬಡಸತಾರ,” ಎಂದಳು. ನಾನು, “ಏನಿಲ್ಲ ತಂಗಿ, ಬಿಸಲಿಗೆ ಹಂಗ,” ಎಂದೆ. ನನ್ನ ನಾಲಗೆಗಿಷ್ಟು ಬೆಂಕಿ ಹಾಕಬೇಕಿತ್ತು!

ಆರನೆಯ ದಿನ ಹಾಜರಿಗೆ ಮೇಡಂ ಆ ನೋಟ್‌ಬುಕ್ಕು ಕೈಯಲ್ಲಿ ಹಿಡಿದು ಬಂದರು. “ಮೊದಲನೇ ಖರೇ ವರದಿ ಬಂದೈತಿ,” ಎಂದು ಹೇಳಿ ಓದಿದರು.

“ಕಪ್ಲಿಂಗ್ ಕೂಡಿಸಿದವನು ನಾನು. ಟಕ್ ಎಂದದ್ದು ಕೇಳಿಸಿತು ಎಂದು ತಿಳಿದಿದ್ದೆ. ಕೇಳಿಸಿರಲಿಕ್ಕಿಲ್ಲ. ಸುಭಾಸ ಸಾಯುವುದು ಸ್ವಲ್ಪದರಲ್ಲಿ ತಪ್ಪಿತು. ತಪ್ಪು ನನ್ನ ಕೈಯದು. ಇನ್ನು ಮುಂದೆ ನನಗೆ ಬ್ರಾಂಚ್ ಕೊಡಬೇಡಿ, ಫೋನಿನ ಮೇಜಿಗೆ ಹಾಕಿರಿ. ಮಾಳಪ್ಪ.”

ಹೆಸರು ಬೇಡವೆಂದರೂ ಬರೆದಿದ್ದ ಪುಣ್ಯಾತ್ಮ! ಸುಭಾಸ ಕೂಡ ಚಾಷ್ಟಿ ಮರೆತು ನೆಲ ನೋಡುತ್ತಿದ್ದ. ನನಗೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು. ಅಲ್ಲಿ ಯಾರೂ ನನ್ನತ್ತ ನೋಡಿರಲಿಲ್ಲ, ಆದರೂ ನನ್ನ ಕೈ ತಾನಾಗಿಯೇ ಕಿಸೆ ಮುಟ್ಟಿ ನೋಡಿತು. ಒಬ್ಬ ಒಳ್ಳೆಯ ಬ್ರಾಂಚ್ ಆಳು ನನ್ನ ಬಾಯಿಯ ಬೀಗದಿಂದಾಗಿ ಕುರ್ಚಿಗೆ ಬೀಳುತ್ತಿದ್ದ. ನಾಚಿಕೆ ಎಂದರೆ ಏನು ಎಂದು ಐವತ್ತೈದನೆಯ ವಯಸ್ಸಿಗೆ ತಿಳಿಯಿತು.

ಹಾಜರಿ ಮುಗಿದ ಕೂಡಲೇ ಮೇಡಂ ಕೋಣೆಗೆ ಹೋದೆ.

“ಮೇಡಂ, ಅದು ಮಾಳಪ್ಪನ ತಪ್ಪಲ್ರಿ.”

“ನಿಮಗ ಹೆಂಗ ಗೊತ್ತು?”

“ಕೊಕ್ಕಿ ಮುರದಿತ್ರಿ. ದೀಪಾವಳಿ ಮುಂದನೂ ಒಮ್ಮೆ ಮುರದಿತ್ತು.”

“ಎಲ್ಲೆದಾವ ಕೊಕ್ಕಿ?”

“ಇಳಿ ತಗದು ಒಗದೇನ್ರಿ.”

“ಎಲ್ಲಿ?”

“ಬಾವ್ಯಾಗ.”

ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಸಸ್ಪೆಂಡು ಎನ್ನುತ್ತಾರೆ, ಪೆನ್ಶನ್ ಎನ್ನುತ್ತಾರೆ ಎಂದು ಏನೇನೋ ಎಣಿಸಿದೆ. ಅವರು ಕೇಳಿದ್ದು ಒಂದೇ ಮಾತು.

“ಬಾವ್ಯಾಗ ನೀರ ಎಷ್ಟದಾವ?”

ನನಗೆ ಅರ್ಥವಾಗಲಿಲ್ಲ. ಅವರು ಆಗಲೇ ಟೊಪ್ಪಿಗೆ ಹಾಕಿಕೊಂಡು ಎದ್ದಿದ್ದರು. “ನಿಜಗುಣಪ್ಪನವರ, ನಿಮ್ಮ ಮಾತಿನ ಮ್ಯಾಲೆ ನನಗ ನಂಬಿಕಿ ಐತಿ. ಆದ್ರ ಅದ ಕೊಕ್ಕಿ, ಅದ ಜಾಗಾದಾಗ ಮುರದಿತ್ತಂದ್ರ ಅದು ದೃಷ್ಟಿ ಅಲ್ಲ. ಆ ಪೈಪು ಸುತ್ತಲಿನ ಎಲ್ಲಾ ಠಾಣೆಗೂ ಹೋದ ವರ್ಷ ಒಂದ ಲಾಟಿನಾಗ ಬಂದಾವ. ಕಣ್ಣಲೆ ನೋಡೂಣ ನಡೀರಿ. ಇವತ್ತ ಪಂಪ್ ಡ್ರಿಲ್ ನಿಮ್ಮ ಬಾವ್ಯಾಗ!”

ದೊಡ್ಡ ಗಾಡಿಯನ್ನೂ ಉಳಿದವರನ್ನೂ ಠಾಣೆಯಲ್ಲಿ ಸಜ್ಜಾಗಿ ಇರಿಸಿ, ಸಣ್ಣ ಪಂಪನ್ನು ಜೀಪಿಗೆ ಹಾಕಿಕೊಂಡು ನಾಲ್ವರು ಹೊರಟೆವು: ಮೇಡಂ, ನಾನು, ಸುಭಾಸ, ಮಾಳಪ್ಪ. ದಾರಿಯಲ್ಲಿ ಮೇಡಂ ಹಿಂದೆ ತಿರುಗಿ, “ಮಾಳಪ್ಪ, ನಿಜಗುಣಪ್ಪನವರು ಒಂದ ಮಾತ ಹೇಳತಾರ,” ಎಂದರು. ಸ್ಟೇರಿಂಗು ಹಿಡಿದುಕೊಂಡೇ ಎಲ್ಲ ಹೇಳಿದೆ. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಮೊದಲು ಅರ್ಥವಾಗದವನಂತೆ ನೋಡಿದ. ಆಮೇಲೆ ಕಿವಿಯವರೆಗೆ ಕೆಂಪಾದ. ಮುಖ ತಿರುಗಿಸಿ ಹೊರಗೆ ನೋಡುತ್ತ ಕುಳಿತ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬಾವಿಗೆ ಹೋದೆವು, ಪೈಪು ಇಳಿಬಿಟ್ಟೆವು, ಪಂಪು ಗುರ್ ಎಂದಿತು. ಎರಡಾಳು ಕೆಳಗೆ ನೀರು, ನೀರಿನ ಆಳ ಎದೆಮಟ್ಟ ಇರಬೇಕು. ಸಪ್ಪಳ ಕೇಳಿ ಹೊಲಗಳಿಂದ ಜನ ಓಡಿ ಬಂದರು. “ಯಾರ ಬಿದ್ದಾರ್ರಿ? ಗಂಡಸೋ ಹೆಂಗಸೋ?” ಎಂದು ಒಂದೇ ಗದ್ದಲ. ಯಾರೂ ಬಿದ್ದಿಲ್ಲ ಎಂದರೆ ಒಬ್ಬರೂ ನಂಬಲೊಲ್ಲರು. ಆ ಗುಂಪನ್ನು ಸೀಳಿಕೊಂಡು ಕೈಯಲ್ಲಿ ಕುಡಗೋಲು ಹಿಡಿದ ಮುದುಕಿಯೊಬ್ಬಳು ಬಂದಳು. ಹೊಲ ಅವಳದು, ಬಾವಿಯೂ ಅವಳದು, ಹೆಸರು ಸಾವಿತ್ರೆವ್ವ.

“ಬೆಂಕಿ ಬಿದ್ದಾಗ ಬಾವಿ ತೋಡಾವ್ರನ್ನ ಕೇಳೀನಿ. ಬೆಂಕಿ ಇಲ್ದಾಗ ಬಾವಿ ಬರಿದ ಮಾಡಾವ್ರನ್ನ ಇವತ್ತ ನೋಡಿದೆ!” ಎಂದಳು. ಜನ ಹೋ ಎಂದು ನಕ್ಕಿತು. ನಂತರ ಅವಳು ನನ್ನ ಮುಖವನ್ನೇ ದಿಟ್ಟಿಸಿ, “ಏ, ನೀ ಅಂವ ಹೌದಲ್ಲೋ? ಕೆಂಪ ಗಂಟ ಒಗದು, ನಾಯಿ ಬೆನ್ನ ಹತ್ತಿದಾವ್ರಂಗ ಹೊಳ್ಳಿ ನೋಡದ ಓಡಾಂವ?” ಎಂದಳು.

ಮೇಡಂ ನಗು ತಡೆದುಕೊಂಡು ಕೇಳಿದರು. “ಅಜ್ಜಿ, ಇವರೊಬ್ಬರ ಏನು ಬರೂದು?”

“ಇಂವ ಎರಡ ಸಲ ಬಂದಾನ. ಇನ್ನೊಬ್ಬ ಡೊಳ್ಳ ಹೊಟ್ಟ್ಯಾಂವ ಸ್ಕೂಟಿ ಮ್ಯಾಲೆ ಬರತಾನ. ಅಂವ ಮೂರ ಸಲ. ನನ್ನ ಬಾವಿ ಅಂದ್ರ ನಿಮ್ಮ ಪೀಡಾ ಚೆಲ್ಲೂ ತಿಪ್ಪಿ ಅಂತ ತಿಳದೀರೇನು?”

ಡೊಳ್ಳು ಹೊಟ್ಟೆ, ಸ್ಕೂಟಿ. “ಮೇಡಂ, ಅಂವ ಬಾಜೂ ಠಾಣೆ ಡ್ರೈವರ್ ಅಂದಾನೆಪ್ಪರಿ!” ಎಂದೆ. ಅವನೂ ಇಲ್ಲಿಗೇ ಬರುತ್ತಿದ್ದನೇ? ಯಾವ ಸಾಮಾನು ಒಗೆದ?

ಒಂದು ತಾಸು ಪಂಪು ನಡೆಯಿತು. ನೀರೆಲ್ಲ ಸಾವಿತ್ರೆವ್ವನ ಜೋಳಕ್ಕೆ ಹರಿಯಿತು, ಅವಳ ಸಿಟ್ಟೂ ಅದರ ಸಂಗಡ ಇಳಿಯಿತು. “ಮುಂದಿನ ವಾರನೂ ಬರ್ರಿ,” ಎಂದು ಹೇಳಿ ಎಲ್ಲರಿಗೂ ಶೇಂಗಾ ತಂದುಕೊಟ್ಟಳು. ತಳದಲ್ಲಿ ಕೆಸರು ಕಂಡಾಗ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡಿದೆವು, ಆರಲಿಲ್ಲ. ಕೆಟ್ಟ ಗಾಳಿ ಇಲ್ಲ ಎಂದು ಖಾತ್ರಿಯಾಯಿತು.

“ನಾ ಇಳೀತೇನಿ,” ಎಂದ ಮಾಳಪ್ಪ. ಜೀಪು ಹತ್ತಿದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಹಗ್ಗದ ಇನ್ನೊಂದು ತುದಿ ಹಿಡಿಯಲು ಸುಭಾಸ ಮುಂದೆ ಬಂದ. ಮಾಳಪ್ಪ ಅವನನ್ನು ತಡೆದು ನನ್ನತ್ತ ನೋಡಿದ. “ಡ್ರೈವರ್ ಸಾಹೇಬ್ರು ಹಿಡೀಲಿ,” ಎಂದ.

ಹನ್ನೆರಡು ವರ್ಷ ಕಾಕಾ ಎಂದವನು! ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡು, ಕಾಲು ಊರಿ, ಅವನ ಭಾರವನ್ನೆಲ್ಲ ತೆಗೆದುಕೊಂಡೆ. ಅಂಗೈ ಸುಲಿದರೂ ಒಂದು ಬೆರಳು ಸಡಿಲ ಬಿಡಲಿಲ್ಲ.

ಕೆಳಗಿನಿಂದ ಪಚಕ್ ಪಚಕ್ ಎಂದು ಕೆಸರು ತಡಕುವ ಸಪ್ಪಳ. ಮೇಲೆ ಇಡೀ ಹೊಲದ ಜನ ಬಾವಿಗೆ ಬಗ್ಗಿತ್ತು. “ಒಂದು!” ಎಂದು ಕೂಗಿದ. ಬುಟ್ಟಿಯಲ್ಲಿ ಕೆಂಪು ಗಂಟು ಮೇಲೆ ಬಂತು. “ಎರಡು!” ನನ್ನವು ಎರಡೂ ಬಂದವು ಎಂದುಕೊಂಡೆ. “ಮೂರು!” ಜನ ಕೇಕೆ ಹಾಕಿತು. “ನಾಲ್ಕು!” ಸಾವಿತ್ರೆವ್ವ ತಾನೇ ಗೆದ್ದಂತೆ, “ನಾ ಹೇಳಿದ್ದಿಲ್ಲ? ಇನ್ನೊಂದೈತಿ, ಹುಡುಕೋ ತಮ್ಮಾ!” ಎಂದು ಕೂಗಿದಳು. ಸ್ವಲ್ಪ ಹೊತ್ತಿಗೆ ಐದನೆಯದೂ ಬಂತು.

ಮೇಡಂ ಗಂಟುಗಳನ್ನು ಜೀಪಿನ ಮುಂದೆ ಸಾಲಾಗಿ ಇಟ್ಟು ಒಂದೊಂದಾಗಿ ಬಿಚ್ಚಿದರು. ಕೊಳೆತ ಲಿಂಬೆಹಣ್ಣು, ಮೆಣಸಿನಕಾಯಿ, ಒಳಗೆ ಒಂದು ಕೊಕ್ಕೆ. ಎರಡನೆಯದರಲ್ಲಿ ಕೊಕ್ಕೆ. ಮೂರನೆಯದರಲ್ಲಿಯೂ ಕೊಕ್ಕೆ! ಐದಕ್ಕೆ ಐದೂ ಕೊಕ್ಕೆ. ಐದೂ ಒಂದೇ ಕಡೆ, ಕುತ್ತಿಗೆಯ ಹತ್ತಿರ ಮುರಿದಿದ್ದವು. ಮುರಿದ ಮೈಯನ್ನು ಬಿಸಿಲಿಗೆ ಹಿಡಿದರೆ ಒಳಗೆ ಇಡ್ಲಿಯ ಹಾಗೆ ಸಣ್ಣ ಸಣ್ಣ ತೂತು. ಎರಕ ಹೊಯ್ಯುವಾಗಲೇ ಗಾಳಿ ಸೇರಿ ಪೊಳ್ಳಾದ ಮಾಲು. ಪ್ರತಿಯೊಂದರ ಬೆನ್ನಿಗೂ ಒಂದು ಪುಟ್ಟ ಚುಕ್ಕಿಯ ಗುರುತಿತ್ತು.

“ನೋಡ್ರಿ!” ಮೇಡಂ ಉಮೇದಿನಿಂದ ಕೂಗಿದರು. “ಐದ ವರದಿ! ಐದೂ ಬಾವ್ಯಾಗ ಬಿದ್ದಿದ್ವು! ಚುಕ್ಕಿ ಇದ್ದ ಕಪ್ಲಿಂಗ್ ಒಂದನೂ ಇನ್ನ ಬಳಸಬಾರದು. ಅಂದಾನೆಪ್ಪನವರಿಗೆ ಫೋನ್ ಹಚ್ಚರಿ, ಲಗೂನ!”

ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಮೇಡಂ ಅವರ ಠಾಣೆಗೆ ಹಚ್ಚಿದರು. ಅಲ್ಲಿಂದ ಉತ್ತರ ಬಂತು: ಗಾಡಿ ಹೂಲಿಗೆ ಹೋಗಿದೆ, ಮನೆಗಳ ನಡುವೆ ಮೂರು ಬಣವೆಗೆ ಬೆಂಕಿ ಹತ್ತಿದೆ, ನೀರು ಹೊಡೆಯುತ್ತಿದ್ದಾರೆ!

ನಾನು ಮೂರನೆಯ ಸಲ ಹಚ್ಚಿದೆ. ಈ ಸಲ ಎತ್ತಿದ. ಇಂಜಿನ್ನಿನ ಸಪ್ಪಳ, ಜನರ ಕೂಗು, ಅದರ ನಡುವೆ ಅಂದಾನೆಪ್ಪನ ದನಿ.

“ಏನೋ ನಿಜಗುಣಾ, ಬೆಂಕ್ಯಾಗ ಅದೇನಿ, ಆಮ್ಯಾಲೆ ಮಾತಾಡೂಣ!”

“ಇಡಬ್ಯಾಡ! ಪ್ರೆಶರ್ ಇಳಸು!”

“ಏನಂತಿ?”

“ಪ್ರೆಶರ್ ಇಳಸೋ ಮಾರಾಯಾ! ಹೊಸಾ ಪೈಪಿನ ಕೊಕ್ಕಿ ಎಲ್ಲಾ ಪೊಳ್ಳದಾವ! ನೀ ಒಗದ ಮೂರೂ ನನ್ನ ಮುಂದದಾವ! ಹಳೇ ಪೈಪ ಹಾಕು!”

ಅತ್ತ ಒಂದು ಗಳಿಗೆ ಬರೀ ಇಂಜಿನ್ ಸಪ್ಪಳ. ಆ ಸಪ್ಪಳ ಇಳಿಯತೊಡಗಿದ್ದು ಕೇಳಿಸಿತು. ಇಪ್ಪತ್ತೇಳು ವರ್ಷದ ಡ್ರೈವರನ ಕಿವಿಗೆ ಪಂಪು ತಣ್ಣಗಾಗುವುದು ಗೊತ್ತಾಗದೆ ಇರುತ್ತದೆಯೇ? ಅಷ್ಟರಲ್ಲಿ ಫೋನು ಕಟ್ಟಾಯಿತು.

ಕಾದೆವು. ಕೆಸರು ಮೆತ್ತಿಕೊಂಡ ಮಾಳಪ್ಪ ನನ್ನ ಪಕ್ಕದಲ್ಲಿ ನಿಂತಿದ್ದ. ಸುಭಾಸ ತನ್ನ ತಲೆಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದ. ಸಾವಿತ್ರೆವ್ವ ಯಾವ ದೇವರಿಗೋ ಕೈ ಮುಗಿಯುತ್ತಿದ್ದಳು, ಏತಕ್ಕೆ ಎಂದು ಅವಳಿಗೂ ಪೂರಾ ಗೊತ್ತಿರಲಿಲ್ಲ. ಹನ್ನೊಂದು ನಿಮಿಷ ಎಂದು ಮೇಡಂ ಆಮೇಲೆ ಹೇಳಿದರು. ನನಗೆ ಒಂದು ಕಾರ್ತೀಕವೇ ಕಳೆದಂತಾಯಿತು.

ಫೋನು ಗುಣುಗುಟ್ಟಿತು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದೆ.

“ನಿಜಗುಣಾ!” ಅಂದಾನೆಪ್ಪ ಏದುಸಿರು ಬಿಡುತ್ತಿದ್ದ. “ಹಳೇ ಪೈಪ ಹಾಕಿದ್ವಿ. ಬೆಂಕಿ ಹಿಡತಕ್ಕ ಬಂದೈತಿ, ಮನಿ ಉಳದ್ವು. ಆ ಹೊಸಾ ಕಪ್ಲಿಂಗ ಬಿಚ್ಚಿ ಹೆಬ್ಬಟ್ಟಲೆ ಒತ್ತಿದೆ ನೋಡಪಾ, ಕೊಕ್ಕಿ ಲಟಕ್ಕನ ಮುರದ ಕೈಯಾಗ ಬಂತು! ಅದರ ಮುಂದ ನಮ್ಮ ಮಧು ನಿಂತಿದ್ದ, ಎರಡ ಮಾರ ದೂರ ಇರಲಿಲ್ಲ. ಈಗೇನ ಮಾಡ್ಲಿ? ಇಳಿ ತಗದು ಒಗೀಲೇನು?”

“ಒಗದಿ ಅಂದ್ರ ನಿನ್ನನ್ನ ಅದರ ಹಿಂದ ಒಗೀತೇನಿ!” ಎಂದು ಗುಡುಗಿದೆ. “ಕಿಸೇದಾಗ ಇಟ್ಕೊ. ಬರದು ಕೊಡು.”

ಮಾಳಪ್ಪ ನನ್ನ ಕೈಯಿಂದ ಫೋನು ತೆಗೆದುಕೊಂಡ.

“ಅಂದಾನೆಪ್ಪ ಕಾಕಾ, ನಾ ಮಾಳಪ್ಪ. ಹಿಂದ ಮೂರ ಸಲ ಪೈಪ ಹಾರಿದಾಗ ಬ್ರಾಂಚ್ ಹಿಡದಾಂವ ಯಾರು?”

“ಮಧುನ. ಕಪ್ಲಿಂಗ ಹಾಕಾಕ ಬರೂದಿಲ್ಲ ಅಂತ ಬೈದಿದ್ದೆ ಅವಂಗ. ಬಾಯಿಗೆ ಬಂದಂಗ ಬೈದಿದ್ದೆ.”

“ಮಧುಗ ಹೇಳ್ರಿ,” ಎಂದ ಮಾಳಪ್ಪ. “ಅವನ ಕೈ ತಪ್ಪಿದ್ದಿಲ್ಲಂತ ಹೇಳ್ರಿ. ಈಗ ಹೇಳ್ರಿ, ನನ್ನ ಮುಂದನ ಹೇಳ್ರಿ.”

ಅತ್ತ ಅಂದಾನೆಪ್ಪ ಯಾರನ್ನೋ ಕರೆದು ಹೇಳಿದ್ದು ಕೇಳಿಸಿತು. ಮಾಳಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಬಾವಿಯ ಕಟ್ಟೆಯ ಮೇಲೆ ಕುಳಿತು ಕೆಸರು ಕೈಯಿಂದಲೇ ಮುಖ ಒರೆಸಿಕೊಂಡ.

ಸಂಜೆಯ ಹೊತ್ತಿಗೆ ಸುತ್ತಲಿನ ಠಾಣೆಗಳಿಗೆಲ್ಲ ಸುದ್ದಿ ಹೋಗಿತ್ತು. ಚುಕ್ಕಿಯ ಕಪ್ಲಿಂಗುಗಳನ್ನೆಲ್ಲ ಬೇರೆ ತೆಗೆದಿಟ್ಟರು. ಮೇಡಂ ಐದು ಕೊಕ್ಕೆಗಳನ್ನೂ ತೊಳೆದು ಕಾಗದದ ಮೇಲೆ ಅಂಟಿಸಿ, ಜಿಲ್ಲಾ ಕಚೇರಿಗೆ ಕಳಿಸಲು ಲಕೋಟೆ ಸಿದ್ಧ ಮಾಡುತ್ತಿದ್ದರು. ನಾನು ಮನೆಗೆ ಫೋನು ಮಾಡಿ ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ.

“ಹೇಳಿದ್ರ ಹೊಳ್ಳಿ ಬರತೈತಿ ಅಂತಿದ್ದಿ ಅಲ್ಲಬೇ ಯವ್ವಾ,” ಎಂದೆ. “ಹೇಳದ ಇದ್ದದ್ದಕ್ಕ ಐದ ಸಲ ಹೊಳ್ಳಿ ಬಂತು.”

“ಹಂಗಾರ ಹೇಳು,” ಎಂದಳು ಅವ್ವ. “ಹೇಳಿದ ಮ್ಯಾಲೆ ಇಳಿ ತಗದ್ರ ಆತು. ಲಿಂಬಿಹಣ್ಣ ಎಲ್ಲಿ ಓಡಿ ಹೋಗತಾವ?”

ಮೇಡಂ ನೋಟ್‌ಬುಕ್ಕು ತಂದು ಮಾಳಪ್ಪನ ಪುಟ ತೆಗೆದರು. “ಇದನ್ನ ಹರದು ಒಗೀಲೇನು?” ಎಂದು ಅವನನ್ನೇ ಕೇಳಿದರು. ಅವನು ಬೇಡವೆಂದು ತಲೆಯಾಡಿಸಿದ. ನಾನು ದಾರದ ಪೆನ್ನು ಎಳೆದುಕೊಂಡೆ. ನನ್ನ ಅಕ್ಷರ ಕೋಳಿಯ ಕಾಲು, ಹಾಜರಿಯ ಸಹಿ ಬಿಟ್ಟು ವರ್ಷಗಟ್ಟಲೆ ಏನೂ ಬರೆದಿರಲಿಲ್ಲ. ಅವನ ಹೆಸರಿನ ಕೆಳಗೆ, ಉಳಿದ ಜಾಗದಲ್ಲಿ, ನಿಧಾನಕ್ಕೆ ಬರೆದೆ.

“ಮೇಲೆ ಬರೆದದ್ದು ಸುಳ್ಳು. ಮಾಳಪ್ಪ ಕಪ್ಲಿಂಗ್ ಸರಿಯಾಗಿ ಕೂಡಿಸಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಟಕ್ ಎಂದದ್ದು ನನಗೂ ಕೇಳಿಸಿತ್ತು. ನಿಜಗುಣಪ್ಪ, ಡ್ರೈವರ್.”

ಮಾಳಪ್ಪ ಬಗ್ಗಿ ಓದಿದ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ನಂತರ ನನ್ನ ಕೈಯಿಂದ ಪೆನ್ನು ಕಸಿದುಕೊಂಡು ‘ಡ್ರೈವರ್’ ಎಂಬುದನ್ನು ಹೊಡೆದುಹಾಕಿ, ಅಲ್ಲಿ ‘ಕಾಕಾ’ ಎಂದು ಬರೆದ.